ಪೆನ್ಸಿಲ್ ಸಾಲು

ಬಾಯಿ ಅಗಲಿಸಿಕೊಂಡು ಮಲಗಿದ ಮನುಷ್ಯ ಬೈಗುಳವನ್ನಾದರೂ ತಡೆದುಕೊಂಡಾನು, ಹೊಗಳಿಕೆಯನ್ನು ತಡೆಯಲಾರ. ಈ ಸತ್ಯ ಕವಿಗೆ ಹೊಳೆದದ್ದು ಆವತ್ತು ಬೆಳಿಗ್ಗೆ ಹತ್ತೂವರೆಗೆ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ. ಕೆಳದವಡೆಯ ಬಲಗಡೆಗೆ ಮೂರು ಚುಚ್ಚುಮದ್ದು ಬಿದ್ದು, ತುಟಿ ತನ್ನದೋ ಪಕ್ಕದ ಮನೆಯವರದೋ ಅನ್ನುವ ಹಾಗೆ ದಪ್ಪಗಾಗಿತ್ತು. ಕೆನ್ನೆಯೊಳಗೆ ಹತ್ತಿಯುಂಡೆ, ನಾಲಗೆಯ ಕೆಳಗೆ ಜೊಲ್ಲು ಹೀರುವ ಕೊಳವೆ. ಮೂಲೆಯ ಕಪಾಟಿನ ಮೇಲಿದ್ದ ರೇಡಿಯೋ, ಇವತ್ತಿನ ಪಟ್ಟಿಯಲ್ಲಿ ಮೊದಲನೇ ಸ್ಥಾನ ಅಂದಿತು. ಹನ್ನೊಂದು ವರ್ಷ ಹಾಡದೆ ಕೂತಿದ್ದ ನಮ್ಮೆಲ್ಲರ ಪಟಾಕಿ ಮತ್ತೆ ಸಿಡಿದಿದ್ದಾಳೆ ಅಂದಿತು. ಆಮೇಲೆ ಹಾಡೇ ಶುರುವಾಯಿತು. ಡಾಕ್ಟರು ಇಕ್ಕಳ ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿಕೊಂಡು ಮೂರನೇ ಸಾಲಿಗೆ ಕಾದರು. ಮೂರನೇ ಸಾಲಿಗೆ ವಾದ್ಯಗಳೆಲ್ಲ ಸುಮ್ಮನಾಗುತ್ತವೆ. ಗಾಯಕಿಯ ದನಿಯೊಂದೇ, ಪಕ್ಕದ ಕೋಣೆಯಿಂದ ಕೂಗಿ ಹೇಳಿದಷ್ಟು ಹತ್ತಿರದಿಂದ, 'ಮುಚ್ಚಿಟ್ಟಿದ್ದೀನಿ, ಬಿಸಿ ಮಾಡ್ಕೊಳ್ಳಿ' ಅನ್ನುತ್ತದೆ.

"ಇದು ನೀವೇ ಬರೆದಿದ್ದಂತೆ? ನಿಮ್ಮ ಕಾರ್ಡಲ್ಲಿ ಉದ್ಯೋಗ ಗೀತರಚನೆ ಅಂತಿತ್ತು, ಅದಕ್ಕೆ ಹುಡುಕಿ ನೋಡಿದೆ," ಅಂದರು ಡಾಕ್ಟರು, ಮುಖಗವಸಿನ ಹಿಂದಿನಿಂದ. "ನಮ್ಮೆಜಮಾನ್ರು ನಿನ್ನೆ ಊಟಕ್ಕೆ ಕೂತಿದ್ದೋರು ಈ ಸಾಲು ಕೇಳಿ ತಟ್ಟೆ ಮುಂದೆ ಹಾಗೇ ಸುಮ್ಮನಾಗ್ಬಿಟ್ರು. ಗಂಡಸಾಗಿ ಇದನ್ನ ಹೇಗ್ರೀ ಬರೆದ್ರಿ?"

"ಆ... ಆಆ," ಅಂದ ಕವಿ. ನಂದಲ್ಲ ಅನ್ನುವುದಕ್ಕೆ ಬೇಕಾದ ನಾಲಗೆ, ತುಟಿ, ಹಲ್ಲು ಮೂರೂ ಆ ಹೊತ್ತಿಗೆ ಡಾಕ್ಟರ ವಶದಲ್ಲಿದ್ದವು.

"ಎಷ್ಟು ವಿನಯ ನೋಡಿ," ಅಂತ ಡಾಕ್ಟರು ಪಕ್ಕದ ನರ್ಸಿಗೆ ಹೇಳಿ ಹಲ್ಲಿಗೆ ಕೈ ಹಾಕಿದರು.

ಅವನನ್ನು ಕವಿ ಅಂತ ಕರೆಯುವುದು ಸ್ಟುಡಿಯೋದ ಜನ. ಅವನೇನೂ ಪುಸ್ತಕ ಬರೆದವನಲ್ಲ, ಟ್ಯೂನಿಗೆ ಮಾತು ಕೂರಿಸುವವನು. ಐವತ್ಮೂರು ವಯಸ್ಸು, ಮೂವತ್ತು ವರ್ಷದ ಕಸುಬು, ಅವನ ಹಾಡೊಂದು ಜನರ ಬಾಯಿಗೆ ಬಿದ್ದು ಒಂಬತ್ತು ವರ್ಷ. ಆಮೇಲೆ ಬರೆದದ್ದೆಲ್ಲ ಫ್ಯಾನಿಗೆ, ಗೋಡೆಯ ಬಣ್ಣಕ್ಕೆ, ಮಂಡಿನೋವಿನ ಎಣ್ಣೆಗೆ. ಅವನ ಕೆಲಸದ ಕ್ರಮ ಹೀಗೆ: ಟ್ಯೂನು ಹಾಕುವವನು, ತಲೆಯ ಮೇಲೆ ಒಂದು ಕೂದಲೂ ಇಲ್ಲದ್ದರಿಂದ ಎಲ್ಲರಿಗೂ ಬೋಳಣ್ಣ, ಲಾಲಾ ಅಂತ ಹಾಡಿ ಫೋನಿಗೆ ಕಳಿಸುತ್ತಾನೆ. ಲಾಲಾದ ಮೇಲೆ ಒಂದೇ ಸಲಕ್ಕೆ ಕವಿತೆ ಕೂರುವುದಿಲ್ಲ. ಅದಕ್ಕೆ ಮೊದಲು ಡಮ್ಮಿ. ಅಳತೆ ಮರೆತುಹೋಗದಿರಲಿ ಅಂತ ಬಾಯಿಗೆ ಬಂದ ಯಾವುದೋ ಮಾತನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳುವುದು—ಬಸ್ಸು ಹೋಯಿತು ಚಿಲ್ಲರೆ ಇಲ್ಲ, ನಲ್ಲಿ ಸೋರ್ತಿದೆ ಯಾರಿಗೆ ಹೇಳಲಿ—ಆಮೇಲೆ ಅದರ ಕೆಳಗೆ ಅದೇ ಅಳತೆಯ ನಿಜವಾದ ಸಾಲನ್ನು ಶಾಯಿಯಲ್ಲಿ ಬರೆಯುವುದು, ಕೊನೆಗೆ ರಬ್ಬರು ಹಿಡಿದು ಪೆನ್ಸಿಲನ್ನು ಉಜ್ಜಿ ಹಾಕುವುದು. ಮನೆ ಕಟ್ಟುವವರು ಸಾರುವೆ ಕಟ್ಟಿ, ಗೋಡೆ ನಿಂತ ಮೇಲೆ ಬಿಚ್ಚುವುದಿಲ್ಲವೇ, ಹಾಗೆ. ಈ ಹಾಡಿನ ಮೂರನೇ ಸಾಲಿಗೆ ಅವನು ಶಾಯಿಯಲ್ಲಿ ಬರೆದದ್ದು 'ಕಾಯುವ ಕಣ್ಣಿಗೆ ಕನಸೇ ಕಾವಲು'. ಹದಿನಾರು ಮಾತ್ರೆ, ಅಳೆದು ತೂಗಿದ್ದು. ಬರೆದು, ಕಾವಲು ಸರಿಯೋ ಕಾಡಿಗೆ ಸರಿಯೋ ಅಂತ ಹೊಡೆದುಹಾಕಿ, ಮತ್ತೆ ಬರೆದು, ಮತ್ತೆ ಹೊಡೆದು, ಕೊನೆಗೆ ಅಂಚಿನಲ್ಲಿ ಇರುವೆ ಹರಿದಷ್ಟು ಚಿಕ್ಕದಾಗಿ ಬರೆದಿಟ್ಟ. ಅಷ್ಟರಲ್ಲಿ ಬೋಳಣ್ಣನ ಫೋನು: ಪಟಾಕಿ ಮೈಕಿನ ಮುಂದೆ ನಿಂತಾಗಿದೆ, ಹಾಳೆ ಎಲ್ಲಯ್ಯಾ? ಕವಿ ಅವಸರದಲ್ಲಿ ಹಾಳೆಯ ಫೋಟೋ ಹೊಡೆದು ಕಳಿಸಿದ. ಕಳಿಸಿದ ಮೇಲೆ ರಬ್ಬರು ತಗೊಂಡು, ಕುರ್ಚಿ ಎಳೆದುಕೊಂಡು, ನಿಧಾನವಾಗಿ ಒಂದೊಂದೇ ಪೆನ್ಸಿಲ್ ಸಾಲನ್ನು ಅಳಿಸಿದ. ಮೂವತ್ತು ವರ್ಷದ ಕಸುಬುದಾರ ಇಂಥ ತಪ್ಪು ಮಾಡುತ್ತಾನೆಯೇ ಅಂದರೆ, ಅಂಥವನೇ ಮಾಡುವುದು. ರಬ್ಬರು ಆಡಿತು ಅಂದರೆ ಕೆಲಸ ಮುಗಿಯಿತು ಅಂತ ಕೈಗೆ ಅಭ್ಯಾಸವಾಗಿತ್ತು. ಯಾವುದು ಮೊದಲು ಯಾವುದು ಆಮೇಲೆ ಅಂತ ಕೈಯನ್ನು ಯಾರು ಕೇಳುತ್ತಾರೆ?

"ಉಗುಳಿ," ಅಂದರು ಡಾಕ್ಟರು. ಕವಿ ಉಗುಳಿದ. ಬಿಳಿ ಬಟ್ಟಲಲ್ಲಿ ಕೆಂಪು ಎಳೆಯೊಂದು ನೀರಿನ ಸುಳಿಗೆ ಸಿಕ್ಕಿ ಸುತ್ತುವುದನ್ನು ನೋಡುತ್ತ ಅವನಿಗೆ ಹಾಡು ಬಿಡುಗಡೆಯಾದ ಬೆಳಿಗ್ಗೆ ನೆನಪಾಯಿತು. ಅವತ್ತು ಅವನು ಬಚ್ಚಲುಮನೆಯ ಸಿಂಕಿನ ಮುಂದೆ ನಿಂತು, ಒಂದು ಕಿವಿಗೆ ಇಯರ್‌ಫೋನು ಹಾಕಿಕೊಂಡು ಗಡ್ಡ ಹೆರೆದುಕೊಳ್ಳುತ್ತಿದ್ದ. ಒಂದನೇ ಸಾಲು ಬಂತು, ಎರಡನೇದು ಬಂತು, ಪರವಾಗಿಲ್ಲ ಚೆನ್ನಾಗಿಯೇ ಕೂತಿದೆ ಅಂದುಕೊಂಡ. ಮೂರನೇದಕ್ಕೆ ಬ್ಲೇಡು ಗಲ್ಲದಲ್ಲಿ ನಿಂತಿತು. ಅದು ಅವನ ಹೆಂಡತಿಯ ಮಾತು. ಮನೆಯಿಂದ ಮೂರು ಸ್ಟಾಪು ಆಚೆ, ಬಸ್ ನಿಲ್ದಾಣದ ಎದುರಿನ ಔಷಧಿ ಅಂಗಡಿಯಲ್ಲಿ ಅವಳಿಗೆ ಮಧ್ಯಾಹ್ನ ಎರಡರಿಂದ ಒಂಬತ್ತರವರೆಗೆ ಕೆಲಸ. ಒಂದೂವರೆಗೆ ಅವನ ರಾತ್ರಿಯ ಊಟ ಮಾಡಿಟ್ಟು, ಬಾಗಿಲ ಬಳಿ ಒಂಟಿ ಕಾಲಲ್ಲಿ ನಿಂತು ಚಪ್ಪಲಿಯ ಪಟ್ಟಿ ಹಾಕಿಕೊಳ್ಳುತ್ತ, ಒಳಗಿನ ಕೋಣೆಯಲ್ಲಿ ಬರೆಯುತ್ತ ಕೂತ ಗಂಡನಿಗೆ ಕೇಳಿಸಲಿ ಅಂತ ಎತ್ತರದ ದನಿಯಲ್ಲಿ ಅವಳು ಹೇಳುವ ಮಾತು. ಇಪ್ಪತ್ಮೂರು ವರ್ಷದಿಂದ ಹೇಳುತ್ತಿದ್ದಾಳೆ. ಆವತ್ತು ಬೋಳಣ್ಣನ ಲಾಲಾ ಕಿವಿಯಲ್ಲಿದ್ದಾಗ ಅವಳು ಅದನ್ನು ಹೇಳಿ ಹೋಗಿದ್ದಳು. ಪೆನ್ಸಿಲು ತಾನಾಗಿ ಬರೆದುಕೊಂಡಿತ್ತು. ಹದಿನಾರು ಮಾತ್ರೆ ಎಣಿಸಿ ಇಟ್ಟ ಹಾಗೆ ಸರಿಹೋಗಿತ್ತು. ಅವಳಿಗೂ ದಿನವೆಲ್ಲ ಮಾತ್ರೆ ಎಣಿಸುವುದೇ ಕೆಲಸ ಅಂತ ಅವನು ಆವಾಗ ಒಬ್ಬನೇ ನಕ್ಕಿದ್ದ ಕೂಡ.

ಗಲ್ಲದಲ್ಲಿ ನೊರೆ ಇದ್ದಹಾಗೇ ಅವನು ಬೋಳಣ್ಣನಿಗೆ ಫೋನು ಮಾಡಿದ್ದ. "ಮಾನ ಹೋಯ್ತು ಕಣೋ. ಅದು ಡಮ್ಮಿ! ಬದಲಾಯಿಸು, ಇವತ್ತೇ ಬದಲಾಯಿಸು." ಬೋಳಣ್ಣ ನಕ್ಕ. "ಆಗಲಿ ಬಿಡಯ್ಯ, ಕೇಳೋರು ಯಾರಿದ್ದಾರೆ? ಹನ್ನೊಂದು ವರ್ಷ ಆದ್ಮೇಲೆ ಪಟಾಕಿ ಹಾಡಿದ್ದಾಳೆ ಅಂತ ನಾಲ್ಕು ಜನ ಮುದುಕರಾಗ್ತಿರೋರು ಕೇಳ್ತಾರೆ ಅಷ್ಟೆ." ಮೊದಲ ದಿನ ಹಾಡು ಪಟ್ಟಿಯಲ್ಲಿ ನಲವತ್ತೊಂದನೇದು. ಮೂರನೇ ದಿನ ಹದಿನೇಳು. ಯಾವುದೋ ಕಾಲೇಜಿನ ಹುಡುಗಿಯರು ಆ ಸಾಲಿಗೆ ಸರಿಯಾಗಿ ತಿರುಗಿ ನೋಡಿ ಬಾಗಿಲು ಎಳೆದುಕೊಂಡು ಹೋಗುವ ಒಂದು ಹದಿನೈದು ಸೆಕೆಂಡಿನ ವಿಡಿಯೋ ಮಾಡಿದರು. ಆಮೇಲೆ ಅಜ್ಜಿಯರು ಮಾಡಿದರು, ಪೊಲೀಸರು ಮಾಡಿದರು, ಒಂದು ನಾಯಿಯ ಕೈಯಲ್ಲೂ ಮಾಡಿಸಿದರು. ಐದನೇ ದಿನ ಆರನೇ ಸ್ಥಾನ. 'ಒದ್ದೆಯಾಗಿದ್ದ ಪಟಾಕಿ ಸಿಡಿಯಿತು' ಅಂತ ಪತ್ರಿಕೆಯಲ್ಲಿ ತಲೆಬರಹ. ಇನ್ನೊಂದರಲ್ಲಿ ಒಬ್ಬ ವಿಮರ್ಶಕರು, ಹಾಡಿಡೀ ನೀನು ನೀನು ಎನ್ನುವ ನಾಯಕಿ ಇಲ್ಲೊಂದು ಕಡೆ ಮಾತ್ರ ಬಹುವಚನಕ್ಕೆ ಜಾರುವುದರಲ್ಲಿ ಆಧುನಿಕ ದಾಂಪತ್ಯದ ಇಡೀ ದೂರವೇ ಅಡಗಿದೆ ಅಂತ ಅರ್ಧ ಪುಟ ಬರೆದರು. ಬದಲಾಯಿಸು ಅಂತ ಕವಿ ಮತ್ತೆ ಫೋನು ಮಾಡಲಿಲ್ಲ. ಮಾಡಬೇಕು ಅಂತ ಅನ್ನಿಸಲೂ ಇಲ್ಲ. ಅನ್ನಿಸದೇ ಇದ್ದದ್ದಕ್ಕೆ ನಾಚಿಕೆಯಾಯಿತು, ನಾಚಿಕೆಯ ಜೊತೆಗೇ ಒಂದು ಹೊಸ ಅಂಗಿಯೂ ಬಂತು.

ಹೊಸ ಅಂಗಿ ಕೊಂಡದ್ದು ರೇಡಿಯೋ ಸಂದರ್ಶನಕ್ಕೆ. ರೇಡಿಯೋದಲ್ಲಿ ಅಂಗಿ ಕಾಣುವುದಿಲ್ಲ ಅಂತ ಹೆಂಡತಿ ಹೇಳಿದ್ದಳು, ನಗುತ್ತಲೇ ಹೇಳಿದ್ದಳು. ಆ ಐದು ದಿನವೂ ಅವಳು ಒಂಥರಾ ಹಗುರವಾಗಿ ಓಡಾಡುತ್ತಿದ್ದಳು, ಅವನ ಮುಖವನ್ನು ಆಗಾಗ ನೋಡುತ್ತಿದ್ದಳು. ಗಂಡ ಗೆದ್ದ ಸಂತೋಷ ಅಂತ ಅವನು ಲೆಕ್ಕ ಹಾಕಿದ್ದ. ಸಂದರ್ಶನ ಮಾಡುತ್ತಿದ್ದ ಹುಡುಗಿ, ಸರ್, ಆ ಸಾಲು ಹುಟ್ಟಿದ್ದು ಹೇಗೆ ಅಂತ ಕೇಳಿದಳು. ಎದುರಿಗೆ ಮೈಕು, ಗಾಜಿನಾಚೆ ಬೆರಳೆತ್ತಿ ಭೇಷ್ ಅನ್ನುವ ಜನ. ಕವಿ ಗಂಟಲು ಸರಿಮಾಡಿಕೊಂಡು, "ಒಂದು ದಿನ ಬೆಳಗಿನ ಜಾವ ಕೆರೆ ದಂಡೆ ಮೇಲೆ ನಡೀತಾ ಇದ್ದೆ," ಅಂದ. ಅಂದಮೇಲೆ ಮುಂದಿನದೆಲ್ಲ ಸಲೀಸು. ಮಂಜಿತ್ತು, ನೀರು ಹೊಗೆಯಾಡುತ್ತಿತ್ತು, ಯಾರೋ ಕಿವಿಯಲ್ಲಿ ಉಸುರಿದ ಹಾಗಾಯಿತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ? ಔಷಧಿ ಅಂಗಡಿಯಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ರೇಡಿಯೋ ಹಾಡುತ್ತಲೇ ಇರುತ್ತದೆ ಅನ್ನುವುದು ಅವನಿಗೆ ನೆನಪಾದದ್ದು ಮನೆಗೆ ಬಂದು ಅಂಗಿ ಬಿಚ್ಚಿ ಹ್ಯಾಂಗರಿಗೆ ಹಾಕುವಾಗ. ಮಾರನೆಯ ದಿನ ಒಂದೂವರೆಗೆ ಒಂಟಿ ಕಾಲಲ್ಲಿ ನಿಂತು ಹೆಂಡತಿ ಚಪ್ಪಲಿ ಹಾಕಿಕೊಂಡಳು, ಬಾಗಿಲು ಎಳೆದುಕೊಂಡಳು, ಹೋದಳು. ಏನೂ ಹೇಳಲಿಲ್ಲ. ಒಳಗೆ ಕವಿ ಪೆನ್ನು ಹಿಡಿದುಕೊಂಡು ಕಾದೇ ಕಾದ. ಆಮೇಲೆ ಅಡುಗೆಮನೆಗೆ ಹೋಗಿ ನೋಡಿದರೆ ಊಟ ಎಂದಿನಂತೆ ಇತ್ತು, ಎಂದಿನ ತಟ್ಟೆ ಎಂದಿನ ಪಾತ್ರೆಯ ಮೇಲೆ ಮುಚ್ಚಿತ್ತು. ರಾತ್ರಿ ಎಂಟಕ್ಕೆ ಅದನ್ನು ಬಿಸಿ ಮಾಡಿಕೊಳ್ಳಲು ಹೋಗಿ, ಯಾರೂ ಹೇಳದೆ ಬಿಸಿ ಮಾಡಿಕೊಳ್ಳುವುದಕ್ಕೆ ತನಗೆ ಏನೋ ಅಧಿಕಾರ ಇಲ್ಲ ಅನ್ನಿಸಿ ತಣ್ಣಗೇ ಉಂಡ. ಅವತ್ತಿನಿಂದ ನಾಲ್ಕು ದಿನ ಹೀಗೇ. ಯಾಕೆ ಹೇಳುತ್ತಿಲ್ಲ ಅಂತ ಕೇಳಬಹುದು. ಕೇಳಿದರೆ ಯಾವುದನ್ನು ಅನ್ನುತ್ತಾಳೆ. ಯಾವುದನ್ನು ಅಂತ ಹೇಳಹೊರಟರೆ ಕೆರೆಯ ದಂಡೆ ಕುಸಿಯುತ್ತದೆ. ಬಿಸಿ ತುಪ್ಪ, ನುಂಗುವ ಹಾಗಿಲ್ಲ ಉಗುಳುವ ಹಾಗಿಲ್ಲ. ಹಲ್ಲು ನೋಯಲು ಶುರುವಾದದ್ದೂ ಅವತ್ತಿನಿಂದಲೇ, ಹುಳುಕು ವರ್ಷಗಳಿಂದ ಇದ್ದದ್ದು ಅಂತ ಡಾಕ್ಟರು ಹೇಳಿದರೂ ಕವಿ ನಂಬಲಿಲ್ಲ.

ಹಲ್ಲನ್ನು ಕಾಗದದಲ್ಲಿ ಸುತ್ತಿ, ಔಷಧಿಯ ಚೀಟಿಯ ಜೊತೆ ಕೈಗೆ ಕೊಟ್ಟು ಕಳಿಸಿದರು. ಹನ್ನೆರಡಕ್ಕೆ ಸ್ಟುಡಿಯೋದಲ್ಲಿ ಎಲ್ಲರೂ ಸೇರುವುದಿತ್ತು. ಅದು ಒಂದು ಹಳೆಯ ಕಟ್ಟಡದ ಎರಡನೇ ಮಹಡಿ; ಮೆಟ್ಟಿಲ ತುಂಬ ಪಕ್ಕದ ಮುದ್ರಣಾಲಯದ ಕಾಗದದ ಕಟ್ಟುಗಳು. ಒಳಗೆ ಮೊಟ್ಟೆ ತಟ್ಟೆಯಂಥ ಸ್ಪಂಜು ಹೊಡೆದ ಗೋಡೆಗೆ ಅಂಟದೆ ಜಾರುತ್ತಿದ್ದ ಬಲೂನುಗಳನ್ನು ಬೋಳಣ್ಣ ಮತ್ತೆ ಮತ್ತೆ ಅಂಟಿಸುತ್ತಿದ್ದ. ಕಂಪನಿಯವರು, ಪತ್ರಿಕೆಯವರು, ಕೇಕು, ಕೇಕಿನ ಮೇಲೆ ಸಕ್ಕರೆಯಲ್ಲಿ ಒಂದು ಎಂಬ ಅಂಕಿ. ಕವಿ ಒಳಗೆ ಕಾಲಿಟ್ಟೊಡನೆ ಚಪ್ಪಾಳೆ ಬಿತ್ತು. ಮರಗಟ್ಟಿದ ತುಟಿಯಲ್ಲಿ ನಕ್ಕರೆ ಅರ್ಧ ಮುಖ ನಗುತ್ತದೆ ಇನ್ನರ್ಧ ಸಾಕ್ಷಿ ನಿಲ್ಲುತ್ತದೆ ಅನ್ನುವುದನ್ನು ಅವನು ಗಾಜಿನ ಕಿಟಕಿಯಲ್ಲಿ ನೋಡಿಕೊಂಡ. ಯಾರೋ ಪತ್ರಿಕೆಯವನು, "ಸರ್, ಎಲ್ಲೋ ಕೇಳಿದ ಮಾತಿನ ಹಾಗಿದೆ ಅಲ್ವಾ ಆ ಸಾಲು? ಅದೇ ಅದರ ಶಕ್ತಿ," ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಕವಿ, "ಎಲ್ಲಿ ಕೇಳಿದ್ರಿ?" ಅಂತ ಥಟ್ಟನೆ ಕೇಳಿಬಿಟ್ಟ. ಪತ್ರಿಕೆಯವನಿಗೆ ಅದು ತಮಾಷೆಯಾಗಿ ಕಂಡು ಬರೆದುಕೊಂಡ.

ಪಟಾಕಿ ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಹತ್ತೊಂಬತ್ತನೇ ವಯಸ್ಸಿನಲ್ಲಿ ವೇದಿಕೆಯ ಈ ತುದಿಯಿಂದ ಆ ತುದಿಗೆ ಹಾರಿ ಹಾರಿ ಹಾಡುತ್ತಿದ್ದವಳಿಗೆ ಜನ ಇಟ್ಟ ಹೆಸರು ಅದು. ಈಗ ನಲವತ್ಮೂರು, ಕೂದಲಿಗೆ ಬಣ್ಣ ಹಾಕಿರಲಿಲ್ಲ, ಕಾಲಲ್ಲಿ ಹವಾಯಿ ಚಪ್ಪಲಿ. ಮದುವೆಯಾದ ಮೇಲೆ ಹನ್ನೊಂದು ವರ್ಷ ಎಲ್ಲೂ ಹಾಡಿರಲಿಲ್ಲ. ಯಾಕೆ ಅಂತ ಪತ್ರಿಕೆಯವರು ಕೇಳಿದರೆ ಗಂಟಲು ರಜೆಯಲ್ಲಿತ್ತು ಅನ್ನುತ್ತಿದ್ದಳು. ಇಲ್ಲಿ ರೆಕಾರ್ಡಿಂಗಿಗೆ ಬಂದ ದಿನ ಬೋಳಣ್ಣನನ್ನು ಬಿಟ್ಟು ಉಳಿದವರನ್ನೆಲ್ಲ ಆಚೆ ಕಳಿಸಿ, ದೀಪ ಆರಿಸಿಕೊಂಡು ಹಾಡಿದ್ದಳಂತೆ. ಎರಡು ದಿನದ ಹಿಂದೆ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಬಂದಾಗ ತರಕಾರಿ ಕೊಳ್ಳುತ್ತಿದ್ದೆ, ತೂಕದವನು ನನ್ನನ್ನು ಗುರುತಿಸಲಿಲ್ಲ, ನನ್ನದೇ ಹಾಡನ್ನು ನನಗೇ ಸೊಗಸಾಗಿ ಹೇಳಿಕೊಟ್ಟ ಅಂತ ಎಲ್ಲರ ಮುಂದೆ ನಗುತ್ತ ಹೇಳುತ್ತಿದ್ದಳು. ಕವಿಯನ್ನು ನೋಡಿ ಸ್ಟೂಲು ಸರಿಸಿ ಪಕ್ಕದ ಕುರ್ಚಿ ತೋರಿಸಿದಳು.

"ಬನ್ನಿ ಕವಿಗಳೇ. ಇದೇನು ಮುಖ ಹೀಗಿದೆ?"

"ಹಲ್ಲು. ಕೀಳಿಸ್ಕೊಂಡೆ."

"ಒಳ್ಳೇದಾಯ್ತು, ಜಾಸ್ತಿ ಮಾತಾಡೋಕಾಗಲ್ಲ, ನಿಜ ಹೇಳ್ತೀರ." ಅವಳು ದನಿ ತಗ್ಗಿಸಿದಳು. "ಮೂರನೇ ಸಾಲು ಪೆನ್ಸಿಲಲ್ಲಿ ಇತ್ತು. ಶಾಯಿದೆಲ್ಲ ಹೊಡೆದು ಹಾಕಿದ್ರಿ, ಅಂಚಲ್ಲಿ ಚಿಕ್ಕದಾಗಿ ಇನ್ನೇನೋ ಕನಸು ಗಿನಸು ಅಂತಿತ್ತು. ಬೋಳಣ್ಣ ಫೋನ್ ಮಾಡಿ ಕೇಳ್ತೀನಿ ಅಂದ್ರು. ನಾನೇ ಬೇಡ ಅಂದೆ. ಕೇಳಿದ್ರೆ ನೀವು ತಿದ್ದಿಬಿಡ್ತಿದ್ರಿ."

ಅಂದರೆ ತಪ್ಪಾಗಿ ಹಾಡಿದ್ದಲ್ಲ. ಒಂಬತ್ತು ದಿನದಿಂದ ಅವನು ಅದನ್ನು ಒಂದು ಅಪಘಾತ ಅಂದುಕೊಂಡಿದ್ದ. ಅಪಘಾತದಲ್ಲಿ ಸಿಕ್ಕ ವಸ್ತು ಯಾರಿಗೆ ಸಿಕ್ಕಿತೋ ಅವರದು ಅಂತ ಒಳಗೊಳಗೇ ಒಂದು ಕಾನೂನನ್ನೂ ಮಾಡಿಕೊಂಡಿದ್ದ. ಇವಳು ಎರಡನ್ನೂ ಓದಿ, ಅವನ ಅಳೆದು ತೂಗಿದ ಸಾಲನ್ನು ಪಕ್ಕಕ್ಕೆ ಸರಿಸಿ, ಇದನ್ನು ಆರಿಸಿಕೊಂಡಿದ್ದಳು. ಕನಸು ಗಿನಸು ಅಂದದ್ದು ಹಲ್ಲು ಕಿತ್ತ ಜಾಗಕ್ಕಿಂತ ಜೋರಾಗಿ ನೋಯಿತು.

"ಆ ಮಾತು ನಮ್ಮ ಮನೇಲೂ ಇತ್ತು," ಅಂದಳು ಪಟಾಕಿ. "ಹನ್ನೊಂದು ವರ್ಷ ನಾನೂ ಹೇಳಿದ್ದೇ. ಅದಕ್ಕೇ ಕೇಳ್ತಿದ್ದೀನಿ. ಇದು ಮೇಜಿನ ಮುಂದೆ ಕೂತು ಬರೆದಿದ್ದಲ್ಲ, ಯಾರೋ ಹೇಳಿದ್ದು. ಯಾರದು?"

ಹೇಳುವುದು ಎಷ್ಟು ಸುಲಭವಿತ್ತು! ಎರಡೇ ಮಾತು. ಆದರೆ ಆಚೆ ಬೋಳಣ್ಣ ಕೇಕಿನ ಚಾಕು ಹುಡುಕುತ್ತಿದ್ದ, ಪತ್ರಿಕೆಯವನ ಕಿವಿ ಇತ್ತ ಕಡೆಯೇ ಇತ್ತು, ಒಂಬತ್ತು ವರ್ಷ ಮಂಡಿನೋವಿನ ಎಣ್ಣೆಗೆ ಬರೆದವನಿಗೆ ಇವತ್ತು ಜನ ಎದ್ದು ಚಪ್ಪಾಳೆ ತಟ್ಟಿದ್ದರು.

"ನಂದೇ," ಅಂದ ಕವಿ.

"ಹೌದಾ?" ಅಂದಳು ಅವಳು. ಕೋಪ ಏನಿಲ್ಲ, ಬಸ್ಸಿನಲ್ಲಿ ಪಕ್ಕದವರು ಪರಿಚಯದವರಲ್ಲ ಅಂತ ಗೊತ್ತಾದಾಗ ನಾವು ಅನ್ನುತ್ತೇವಲ್ಲ, ಅಷ್ಟೇ. "ಹಾಗಾದ್ರೆ ಮುಂದಿನ ಹಾಡೂ ನೀವೇ ಬರೀಬೇಕು. ಇದೇ ಥರ ಇರ್ಲಿ. ಶಾಯಿ ಬೇಡ." ಅವನ ನಂಬರು ಕೇಳಿಕೊಂಡು ಒಂದು ರಿಂಗು ಕೊಟ್ಟು, ಬಂತಾ ಅಂತ ಕೇಳಿ, ಎದ್ದು ಕೇಕು ಕತ್ತರಿಸಲು ಹೋದಳು. ಕವಿಗೆ ಒಂದು ತುಂಡು ಬಂತು. ಅವನಿಗೆ ಯಾವ ಕಡೆ ಅಗಿಯುತ್ತಿದ್ದೇನೆ ಅನ್ನುವುದೂ ತಿಳಿಯಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮುಂದಿನ ಹಾಡು! ಮನಸ್ಸು ಕಳ್ಳನ ಹಾಗೆ ಆಗಲೇ ಮನೆಯೊಳಗೆ ನುಗ್ಗಿ ತಡಕಾಡತೊಡಗಿತ್ತು. ಹೆಂಡತಿಯ ಇನ್ನೊಂದು ಮಾತು ಸಿಕ್ಕಿದರೆ ಸಾಕು. ದಿನಕ್ಕೆ ಎಷ್ಟೊಂದು ಹೇಳುತ್ತಾಳೆ, ಹಿತ್ತಲ ಗಿಡ ಮದ್ದಲ್ಲ ಅಂತ ಇಷ್ಟು ವರ್ಷ ತಾನೇ ಕಡೆಗಣಿಸಿದ್ದು. ಬೆಳಿಗ್ಗೆ ಎದ್ದು ಪರದೆ ಸರಿಸುತ್ತ ಒಂದು ಮಾತು ಹೇಳುತ್ತಾಳೆ. ಏನದು? ಪರದೆ ಕಾಣಿಸಿತು, ಪರದೆಯ ಮೇಲಿನ ಅವಳ ಕೈ ಕಾಣಿಸಿತು, ತುಟಿ ಅಲ್ಲಾಡುವುದು ಕಾಣಿಸಿತು, ದನಿ ಇಲ್ಲ. ಒಂಬತ್ತೂವರೆಗೆ ಅಂಗಡಿಯಿಂದ ಬಂದು ಚೀಲ ಕುರ್ಚಿಗೆ ನೇತುಹಾಕಿ, ಅವತ್ತು ಅಂಗಡಿಗೆ ಬಂದವರ ಕಥೆ ಹೇಳುತ್ತಾಳೆ. ಕೆಮ್ಮಿನ ಔಷಧಿಗೆ ಚೌಕಾಸಿ ಮಾಡಿದ ಮುದುಕನೊಬ್ಬ ಇದ್ದ, ಅವನಿಗೆ ಇವಳು ಏನೋ ಅಂದಳು, ಅದನ್ನು ಹೇಳಿ ಇವಳೇ ಬಿದ್ದು ಬಿದ್ದು ನಕ್ಕಳು. ಏನಂದಳು? ಅವನು ಆವಾಗ ಹೂವಿಗೆ ಒಂದು ಪ್ರಾಸ ಹುಡುಕುತ್ತಿದ್ದ. ಮಗು ಆಗುವುದಿಲ್ಲ ಅಂತ ಗೊತ್ತಾದ ದಿನ ಆಸ್ಪತ್ರೆಯ ಮೆಟ್ಟಿಲಿಳಿಯುತ್ತ ಅವನ ತೋಳು ಹಿಡಿದುಕೊಂಡು ಏನೋ ಹೇಳಿದ್ದಳು, ಒಂದೇ ಒಂದು ಮಾತು. ಆ ಮೆಟ್ಟಿಲು ಎಷ್ಟಿದ್ದವು ಅಂತ ನೆನಪಿದೆ, ಹದಿನೆಂಟು. ಮಾತು ಇಲ್ಲ. ಎದುರು ಸೀಟಿನ ಹುಡುಗಿ ಇಳಿಯುವಾಗ ಗೆಳತಿಗೆ, "ಮುಚ್ಚಿಟ್ಟಿದ್ದೀನಿ, ಬಿಸಿ ಮಾಡ್ಕೊಳ್ಳಿ!" ಅಂತ ರಾಗವಾಗಿ ಹೇಳಿ ಇಳಿದಳು, ಬಸ್ಸೆಲ್ಲ ನಕ್ಕಿತು. ಇಪ್ಪತ್ಮೂರು ವರ್ಷದಲ್ಲಿ ಅವನ ಕಿವಿಗೆ ಬಿದ್ದ ಹೆಂಡತಿಯ ಮಾತು ಅದೊಂದೇ, ಅದೂ ಬೋಳಣ್ಣನ ಟ್ಯೂನಿಗೆ ಸರಿಹೋದದ್ದರಿಂದ. ಕವಿಗೆ ಅಳು ಬಂತು. ಮರಗಟ್ಟಿದ ತುಟಿಯ ಮೂಲೆಯಿಂದ ಜೊಲ್ಲೂ ಬಂತು. ಪಕ್ಕದಲ್ಲಿ ಕೂತ ಹೆಂಗಸು ಒಂದು ಕಾಗದದ ಕರವಸ್ತ್ರ ಕೊಟ್ಟಳು. ಮನೆಯ ಸ್ಟಾಪು ಬಂತು, ಹೋಯಿತು. ಅವನು ಇಳಿಯಲಿಲ್ಲ.

ಔಷಧಿ ಅಂಗಡಿಯಲ್ಲಿ ಏಳು ಜನರ ಸಾಲಿತ್ತು. ಕವಿ ಎಂಟನೆಯವನಾಗಿ ನಿಂತ. ಗಾಜಿನಾಚೆ ಹೆಂಡತಿ ಬಿಳಿ ಕೋಟು ಹಾಕಿಕೊಂಡು, ಕನ್ನಡಕವನ್ನು ತಲೆಗೇರಿಸಿ, ಎದ್ದು ಡ್ರಾಯರು ಎಳೆದು, ಕೂತು ಬರೆದು, ಒಬ್ಬೊಬ್ಬರಿಗೂ ಏನೇನೋ ಹೇಳುತ್ತಿದ್ದಳು. ಒಬ್ಬ ಮುದುಕಿಗೆ ಹೇಳಿದ್ದನ್ನೇ ಮೂರು ಸಲ ಹೇಳಿದಳು, ಮೂರನೇ ಸಲವೂ ಮೊದಲನೇ ಸಲದ ದನಿಯಲ್ಲೇ. ಅವಳು ಕೆಲಸ ಮಾಡುವುದನ್ನು ಅವನು ಸಾಲಿನಲ್ಲಿ ನಿಂತು ನೋಡಿದ್ದು ಇದೇ ಮೊದಲು. ಇದುವರೆಗೆ ಬಂದಾಗಲೆಲ್ಲ ಪಕ್ಕದ ಬಾಗಿಲಿಂದ ಒಳಗೆ ಹೋಗಿ ಬೀಗದ ಕೈ ಇಸಿದುಕೊಂಡು ಹೋಗಿದ್ದ.

"ಚೀಟಿ," ಅಂದಳು ಹೆಂಡತಿ, ತಲೆ ಎತ್ತದೆ. ಚೀಟಿಯ ಮೇಲಿನ ಹೆಸರು ಓದಿ ತಲೆ ಎತ್ತಿದಳು. "ಹಲ್ಲು ಕೀಳಿಸ್ಕೊಂಡ್ರಾ? ಒಬ್ರೇ ಹೋಗಿದ್ರಾ? ನಂಗೆ ಹೇಳೋದಲ್ವಾ?"

"ಆ ಸಾಲು ನಿಂದು," ಅಂದ ಕವಿ.

"ಯಾವ ಸಾಲು?"

ಅವಳಿಗೆ ಗೊತ್ತಿತ್ತು. ಹೇಳಿಸಬೇಕು ಅಂತಲೇ ಕೇಳಿದಳು. ಕವಿ ಹೇಳಿದ. ಬೋಳಣ್ಣನ ರಾಗ ಇಲ್ಲದೆ, ಅರ್ಧ ಬಾಯಲ್ಲಿ, ತೊದಲುತ್ತ ಹೇಳಿದ. ಹಿಂದೆ ನಿಂತಿದ್ದ ದಪ್ಪ ಮನುಷ್ಯ, "ಅದು ಪಟಾಕಿ ಹಾಡು ಸ್ವಾಮಿ, ಎಲ್ಲರಿಗೂ ಗೊತ್ತಿರೋದೇ. ಬೇಗ ಔಷಧಿ ತಗೊಳ್ಳಿ," ಅಂದ.

ಹೆಂಡತಿ ಮಾತ್ರೆಯ ಪಟ್ಟಿಯನ್ನು ಕತ್ತರಿಯಲ್ಲಿ ಅಳತೆಗೆ ಕತ್ತರಿಸಿದಳು. "ಇಪ್ಪತ್ಮೂರು ವರ್ಷ ಹೇಳಿದ್ದೀನಿ," ಅಂದಳು, ಕತ್ತರಿಯ ಮೇಲೇ ಕಣ್ಣಿಟ್ಟು. "ಒಳಗಿಂದ ಒಂದು ದಿನ ಹೂಂ ಅಂತ ಬರ್ಲಿಲ್ಲ. ಕೇಳಿಸ್ತಿಲ್ಲ ಅಂದ್ಕೊಂಡಿದ್ದೆ. ಹಾಡು ಬಂದಾಗ ಎಷ್ಟು ಖುಷಿಯಾಯ್ತು ಗೊತ್ತಾ? ಕೇಳಿಸಿತ್ತಲ್ಲ ಅಂತ. ಐದು ದಿನ ಕಾದೆ ಕಣ್ರೀ, ಇವತ್ತು ಹೇಳ್ತಾರೆ ಇವತ್ತು ಹೇಳ್ತಾರೆ ಅಂತ. ಆಮೇಲೆ ಕೆರೆ ದಂಡೆ ಅಂದ್ರಿ."

"ಕೆರೆ ದಂಡೆಗೆ ನಾನು ಹೋಗೇ ಇಲ್ಲ."

"ಅದು ಗೊತ್ತು. ಎಂಟಕ್ಕೆ ಮುಂಚೆ ಎದ್ದಿದ್ದು ಯಾವಾಗ ನೀವು?"

ಸಾಲಿನಲ್ಲಿ ಇಬ್ಬರು ನಕ್ಕರು. ಅವಳು ನಗಲಿಲ್ಲ. ಮಾತ್ರೆಯನ್ನು ಲಕೋಟೆಗೆ ಹಾಕಿ, ಮೇಲೆ ಬರೆದು, ಊಟ ಆದ ಮೇಲೆ ಒಂದು, ಮೂರು ದಿನ, ಇವತ್ತು ಬಿಸಿಯದ್ದೇನೂ ಬಾಯಿಗೆ ಹಾಕಬೇಡಿ ಅಂದಳು. ಬೇರೆ ಯಾರಿಗಾದರೂ ಹೇಳುತ್ತಿದ್ದ ದನಿಯಲ್ಲೇ ಹೇಳಿದಳು. ಕವಿಗೆ ಆ ದನಿಯನ್ನು ತಡೆದುಕೊಳ್ಳುವುದಕ್ಕಾಗಲಿಲ್ಲ. ಅವನು ಜೇಬಿನಿಂದ ಫೋನು ತೆಗೆದು, ಮಧ್ಯಾಹ್ನ ಬಂದಿದ್ದ ನಂಬರನ್ನು ಒತ್ತಿದ. ಮುಂದಿನ ಹಾಡು ಹೋದರೆ ಹೋಗಲಿ, ಮಂಡಿನೋವು ಜನಕ್ಕೆ ಯಾವಾಗಲೂ ಇದ್ದೇ ಇರುತ್ತದೆ.

"ನಾನು ಕವಿ," ಅಂದ, ಸಾಲಿನವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. ಮೆತ್ತಗೆ ಮಾತಾಡಿದರೆ ತುಟಿ ಸಹಕರಿಸುತ್ತಿರಲಿಲ್ಲ. "ಯಾರದು ಅಂತ ಕೇಳಿದ್ರಲ್ಲ, ಸುಳ್ಳು ಹೇಳಿದೆ. ನಂದಲ್ಲ. ನನ್ನ ಹೆಂಡತಿದು. ಇಲ್ಲೇ ಇದ್ದಾಳೆ, ಮಾತಾಡಿ."

ಕೌಂಟರಿನ ಸಂದಿಯಿಂದ ಫೋನನ್ನು ಒಳಗೆ ಚಾಚಿದ. ಹೆಂಡತಿ ಅದನ್ನು ನೋಡಿದಳು, ಸಾಲನ್ನು ನೋಡಿದಳು, ಕೋಟಿಗೆ ಕೈ ಒರೆಸಿಕೊಂಡು ಇಸಿದುಕೊಂಡಳು.

"ಹಲೋ... ಹೂಂ, ನಾನೇ," ಅಂದಳು. ಆಮೇಲೆ ಬಹಳ ಹೊತ್ತು ಕೇಳಿಸಿಕೊಂಡಳು. "ಹೌದು. ಹೌದು... ಚಪ್ಪಲಿ ಹಾಕ್ಕೋತಾ." ಮತ್ತೆ ಕೇಳಿದಳು. ತಲೆಯ ಮೇಲಿದ್ದ ಕನ್ನಡಕವನ್ನು ತೆಗೆದು ಕೌಂಟರಿನ ಮೇಲಿಟ್ಟು, ಗೋಡೆಯ ಕಡೆ ತಿರುಗಿದಳು. "ಇಲ್ಲ, ಒಂದು ದಿನಾನೂ ಇಲ್ಲ... ಅಯ್ಯೋ, ನಿಮ್ಮಲ್ಲೂನಾ?" ಅಂದವಳು ನಕ್ಕಳು, ಭುಜ ಅಲ್ಲಾಡುವಷ್ಟು ನಕ್ಕಳು. ಕವಿ ಗಾಜಿಗೆ ಕಿವಿ ತಾಗುವಷ್ಟು ಬಗ್ಗಿದ. ಫೋನಿನೊಳಗಿಂದ ಪಟಾಕಿಯ ದನಿ ಸಣ್ಣಗೆ ಹರಿದು ಬರುತ್ತಿತ್ತು, ಒಂದು ಅಕ್ಷರವೂ ಬಿಡಿಯಾಗಿ ಸಿಗಲಿಲ್ಲ.

ಹೆಂಡತಿ ತಿರುಗಿ ಫೋನನ್ನು ಅವನ ಕೈಗಿಟ್ಟಳು. ಕಣ್ಣು ಒದ್ದೆಯಾಗಿತ್ತು, ಬಾಯಲ್ಲಿ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ.

"ಏನಂದ್ರು?" ಅಂತ ಕೇಳಿದ ಕವಿ.

"ಅವರ ಮನೇಲೂ ಯಾರೂ ಹೂಂ ಅಂದಿರ್ಲಿಲ್ವಂತೆ," ಅಂದಳು. ಕನ್ನಡಕ ಹಾಕಿಕೊಂಡು, ಅವನ ಭುಜದಾಚೆ ನೋಡಿ ಕೈ ಚಾಚಿದಳು. "ಬನ್ನಿ, ಚೀಟಿ ಕೊಡಿ."